ಬುಧವಾರದ ಹೆಸರು

ಮಗ ಸಮುವೇಲನನ್ನು ಮಣ್ಣು ಮಾಡಿ ಹದಿನೆಂಟು ದಿನಗಳಾಗಿದ್ದವು. ಆ ಬುಧವಾರ ಸಂಜೆ ಹನ್ನವ್ವ ಬಿಳಿ ಸೀರೆಯ ಸೆರಗನ್ನು ತಲೆತುಂಬ ಹೊದ್ದುಕೊಂಡು ಚರ್ಚಿನ ಪ್ರಾರ್ಥನಾ ಕೂಟಕ್ಕೆ ಬಂದು, ಹೆಂಗಸರ ಸಾಲಿನಲ್ಲಿ ತಾನು ಯಾವಾಗಲೂ ಕೂಡುವ ಜಾಗದಲ್ಲಿ ಕೂತಳು. ಇಷ್ಟು ಬೇಗ ಅವಳು ಬಂದಾಳೆಂದು ಯಾರೂ ಎಣಿಸಿರಲಿಲ್ಲ. ಪಕ್ಕದವರು ಸರಿದು ಜಾಗ ಕೊಟ್ಟರು. 

ಬುಧವಾರದ ಕೂಟಕ್ಕೆ ಒಂದು ಪದ್ಧತಿಯಿತ್ತು. ಕೀರ್ತನೆ ಮುಗಿದ ಮೇಲೆ ಸಭಾಪಾಲಕರಾದ ಯೋನಾತಾನ ಅಯ್ಯನವರು, “ಈ ಹೊತ್ತು ಯಾರ ಸಲುವಾಗಿ ಬೇಡೋಣು?” ಎಂದು ಕೇಳುವರು. ಒಬ್ಬರು ತಾಯಿಯ ಹೆಸರು ಹೇಳುವರು, ಇನ್ನೊಬ್ಬರು ಕೆಲಸವಿಲ್ಲದ ಅಳಿಯನ ಹೆಸರು. ಹೆಸರು ಹೇಳಿದವರೇ ಎದ್ದು ನಿಂತು ಬೇಡಬೇಕು, ಉಳಿದವರು ಆಮೆನ್ ಅನ್ನಬೇಕು. ಈ ಕೆಲಸದಲ್ಲಿ ಹನ್ನವ್ವನನ್ನು ಮೀರಿಸುವವರು ಹುಬ್ಬಳ್ಳಿಯ ಆ ಸಭೆಯಲ್ಲಿ ಇರಲಿಲ್ಲ. ಗಂಡ ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯ ಮಹಾಜ್ವರದಲ್ಲಿ ಹೋದ ಮೇಲೆ ಅವಳು ಖಣದ ಕುಪ್ಪಸ ಹೊಲಿದು ಮಗನನ್ನು ಸಾಕಿದವಳು. ಕುಪ್ಪಸ ಹೊಲಿಸಲು ಬಂದ ಹೆಂಗಸರು ಅಳತೆ ಕೊಟ್ಟು ಸುಮ್ಮನೆ ಹೋಗುತ್ತಿರಲಿಲ್ಲ. ಓಣಿಯ ಶರಣವ್ವ ದಿನಾ ಲಿಂಗಪೂಜೆ ತಪ್ಪಿಸದವಳು. ಅವಳೂ ಮೊಮ್ಮಗ ಹಾಸಿಗೆ ಹಿಡಿದಾಗ ಬಂದು, “ಹನ್ನವ್ವಾ, ನಿಮ್ಮ ಸ್ವಾಮಿಗೂ ಒಂದ ಮಾತ ಹೇಳ ನಮ್ಮವ್ವಾ” ಎಂದಿದ್ದಳು. ಹನ್ನವ್ವ ಹಾಗೆಲ್ಲ ಕೂಡಲೆ ಕಣ್ಣು ಮುಚ್ಚುವವಳಲ್ಲ. ಜ್ವರ ಎಂದಿನಿಂದ, ಗಂಜಿ ಎಷ್ಟು ಕುಡಿಯುತ್ತದೆ, ಮಗ್ಗುಲಾಗುವಾಗ ನರಳುತ್ತದೆಯೋ ಎಂದು ಎಲ್ಲ ಕೇಳಿ ತಿಳಿದುಕೊಂಡ ಮೇಲೆಯೇ ಮೊಣಕಾಲೂರುತ್ತಿದ್ದಳು. ಮಗು ಎದ್ದು ಓಡಾಡುವವರೆಗೂ ದಿನಾ ಬೆಳಿಗ್ಗೆ ಆ ಹೆಸರು ಬಿಡುತ್ತಿರಲಿಲ್ಲ.

ಆ ಸಂಜೆ ಅಯ್ಯನವರು ಕೇಳಿದಾಗ ಎಲ್ಲರಿಗಿಂತ ಮೊದಲು ಹನ್ನವ್ವ ಎದ್ದಳು.

“ಗುಲಾಬಸಾಬ” ಎಂದಳು.

ಕೂತವರೆಲ್ಲ ತಲೆಯೆತ್ತಿ ಅವಳನ್ನು ನೋಡಿದರು. ಗುಲಾಬಸಾಬ ಕುಬೇರಪ್ಪನ ಹತ್ತಿ ಗಿರಣಿಯ ಇಂಜಿನ್ ಮಿಸ್ತ್ರಿ. ಅದೇ ಗಿರಣಿಯಲ್ಲಿ ಸಮುವೇಲ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸಕ್ಕಿದ್ದ. ಇಪ್ಪತ್ತೊಂದು ವರುಷದವನು. ಮಧ್ಯಾಹ್ನ ಇಂಜಿನ್ ನಿಂತಾಗ ಏಣಿ ಹತ್ತಿ ಮೇಲಿನ ಗಾಲಿಗಳಿಗೆ ಎಣ್ಣೆ ಬಿಡುವುದು, ಮಿಸ್ತ್ರಿ ಮೂರು ಸಲ ಸೀಟಿ ಹಾಕಿದ ಮೇಲೆ ಇಳಿದು ದೂರ ಸರಿಯುವುದು, ಆಮೇಲೆ ಇಂಜಿನ್ ಬಿಡುವುದು, ಇದು ಗಿರಣಿಯ ನಿಯಮ. ಆ ದಿನ ಸಮುವೇಲ ಏಣಿಯ ಮೇಲಿದ್ದಾಗಲೇ ಇಂಜಿನ್ ಶುರುವಾಯಿತು. ಅಂಗಿಯ ತೋಳು ಗಾಲಿ ತಿರುಗಿಸುವ ಪಟ್ಟಾದೊಳಗೆ ಸಿಕ್ಕಿತು. ಸೀಟಿ ಕೇಳಲಿಲ್ಲವೆಂದು ಹತ್ತಿ ಹಿಂಜುವ ಹೆಂಗಸರು ತಮ್ಮತಮ್ಮಲ್ಲಿ ಆಡಿಕೊಂಡರು. ಫೌಜದಾರರು ಬಂದು ಕೇಳಿದಾಗ ಮಾತ್ರ ಗುಲಾಬಸಾಬ, “ಸೀಟಿ ಹಾಕೇನ್ರಿ” ಎಂದ. ಕುಬೇರಪ್ಪನೂ ಹೌದೆಂದ. ಪಂಚನಾಮೆಯಲ್ಲಿ ಹಾಗೇ ಬರೆದುಹೋಯಿತು.

ಹನ್ನವ್ವ ಕೈ ಜೋಡಿಸಿ, ಮಿಶನ್ ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡದಲ್ಲಿ, ಒಂದೂ ಅಕ್ಷರ ತಡವರಿಸದೆ ಬೇಡಿದಳು. “ಕರ್ತನೇ, ನನ್ನ ಮಗನ ಮರಣಕ್ಕೆ ಕಾರಣನಾದ ಗುಲಾಬಸಾಬನನ್ನು ಕ್ಷಮಿಸು. ಹಾಕದ ಸೀಟಿಯನ್ನು ಹಾಕಿದೆನೆಂದು ನುಡಿದ ಅವನ ನಾಲಿಗೆಯನ್ನು ಕ್ಷಮಿಸು. ಅವನ ಕಠಿಣ ಹೃದಯವನ್ನು ಕರಗಿಸು.”

ಎಲ್ಲರೂ ಆಮೆನ್ ಅಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಭಾನುವಾರದ ಉಪದೇಶದಲ್ಲಿ ಅಯ್ಯನವರು ಅವಳ ಹೆಸರು ಹೇಳದೆಯೇ ಅವಳ ಮಾತನ್ನೇ ಆಡಿದರು: ಹಗೆಯವರನ್ನು ಪ್ರೀತಿಸಿರಿ ಎಂದು ಓದುವುದು ಸುಲಭ, ನಮ್ಮ ನಡುವೆ ಒಬ್ಬ ತಾಯಿ ಅದನ್ನು ಮಾಡಿ ತೋರಿಸಿದ್ದಾಳೆ ಎಂದರು.

ಮುಂದಿನ ಬುಧವಾರವೂ ಹನ್ನವ್ವ ಅದೇ ಹೆಸರು ಹೇಳಿದಳು. ಅದರ ಮುಂದಿನ ಬುಧವಾರವೂ. ಮಾತು ಚರ್ಚಿನ ಗೋಡೆ ದಾಟಿ ಪೇಟೆಗೆ ಬಂತು. ಮಗನನ್ನು ಕೊಂದವನಿಗೆ ಒಳ್ಳೆಯದಾಗಲೆಂದು ಕಿರಸ್ತಾನರ ಮುದುಕಿ ದೇವರನ್ನು ಬೇಡುತ್ತಾಳಂತೆ ಎಂದು ಕಿರಾಣಿ ಅಂಗಡಿಯಲ್ಲಿ, ನೀರಿನ ನಲ್ಲಿಯಲ್ಲಿ ಜನ ಆಡಿಕೊಂಡರು. ಕೂಟಕ್ಕೆ ಬರುವವರ ಸಂಖ್ಯೆ ಹೆಚ್ಚಿತು. ಹನ್ನವ್ವನಿಗೆ ವಾರದಲ್ಲಿ ಆರು ದಿನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬುಧವಾರ ಕೂಟ ಮುಗಿಸಿ ಬಂದಾಗ ಮಾತ್ರ ಅರ್ಧ ರೊಟ್ಟಿ ತಿನ್ನುತ್ತಿದ್ದಳು. ಇದು ದೇವರು ಕೊಟ್ಟ ಸಮಾಧಾನ ಎಂದುಕೊಂಡಿದ್ದಳು. ಹೀಗೆ ನಾಲ್ಕು ತಿಂಗಳು ಕಳೆದವು.

ಒಂದು ದಿನ ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಕೂತು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಾಗ, ಚಾದರ ಹೊದ್ದ ಒಬ್ಬ ಹೆಂಗಸು ಬಂದು ಬಾಗಿಲ ಮುಂದೆ ನಿಂತಳು. ಮೂವತ್ತು ದಾಟಿರಲಾರದು, ಮುಖ ಮಾತ್ರ ಹತ್ತು ವರುಷ ಮುಂದೆ ಹೋಗಿತ್ತು.

“ನಾ ಅಮೀನಾಬಿ ಅಂತ್ರಿ. ಇಂಜಿನ್ ಮಿಸ್ತ್ರಿ ಗುಲಾಬಸಾಬರ ಮನಿಯಾಕಿ.”

ಹನ್ನವ್ವನ ಕೈ ನಿಂತಿತು. “ಒಳಗ ಬರ್ರಿ” ಎಂದಳು, ಬಾಯಿಪಾಠದಂತೆ.

“ಇಲ್ರಿ, ಇಲ್ಲೇ ನಿಂತು ಹೇಳಿ ಹೋಗ್ತೇನಿ. ಅಕ್ಕಾ, ನಿಮ್ಮ ಚರ್ಚಿನಾಗ ನಮ್ಮವರ ಹೆಸರ ತಗೋಳೂದು ಬಿಡ್ರಿ.”

“ನಾ ಅವರಿಗೆ ಕೇಡ ಬೇಡಿಲ್ಲವಾ. ಮಾಫಿ ಮಾಡಂತ ದೇವರ ಕಡೆ ಬೇಡಾಕತ್ತೇನಿ.”

“ಗೊತ್ತೈತ್ರಿ. ಊರಿಗೆಲ್ಲಾ ಗೊತ್ತೈತಿ.” ಅಮೀನಾಬಿಯ ದನಿ ಏರಲಿಲ್ಲ. “ನೀವು ನಮ್ಮ ಬಾಗಲಕ್ಕ ಬಂದು ಬೈದಿದ್ರ ಅವರು ತಲಿ ಬಗ್ಗಿಸಿ ಕೇಳ್ತಿದ್ರು. ಕಲ್ಲ ಒಗದಿದ್ರ ತಡಕೋತಿದ್ರು. ಇದನ್ನ ಎಲ್ಲಿ ಇಟ್ಕೋಬೇಕ್ರಿ ಅವರು? ಗುರುವಾರ ಆತಂದ್ರ ಗಿರಣ್ಯಾಗ ಒಬ್ಬರಲ್ಲಾ ಒಬ್ಬರು ಕೇಳ್ತಾರ, ‘ಏನ್ ಮಿಸ್ತ್ರಿ, ನಿನ್ನಿ ನಿನ್ನ ಹೆಸರ ಬಂತಂತಲ್ಲ’ ಅಂತ. ಕೂಳ ಬಿಟ್ಟಾರ. ಮಾತ ಬಿಟ್ಟಾರ. ನೀವು ದೇವರಿಗೆ ಹೇಳಾಕತ್ತೀರೋ, ಊರಿಗೆ ಹೇಳಾಕತ್ತೀರೋ, ನನಗ ತಿಳಿವಲ್ದು.”

ಉತ್ತರಕ್ಕೆ ಕಾಯದೆ ಅವಳು ಚಾದರ ಸರಿಪಡಿಸಿಕೊಂಡು ಹೊರಟುಹೋದಳು.

ಹನ್ನವ್ವನಿಗೆ ಮೊದಲು ಬಂದದ್ದು ಸಿಟ್ಟು. ಮಗನನ್ನು ಕಳೆದುಕೊಂಡವಳು ತಾನು. ನಾಲ್ಕು ತಿಂಗಳಿಂದ ಶಾಪದ ಒಂದು ಮಾತನ್ನೂ ಆಡದೆ ಕ್ಷಮೆ ಬೇಡುತ್ತಿರುವವಳು ತಾನು. ತನಗೇ ಬುದ್ಧಿ ಹೇಳಲು ಬಂದಳಲ್ಲ ಎಂದು ಮೈ ಉರಿಯಿತು. ಆ ಸಿಟ್ಟಿನಲ್ಲೇ ಬುಧವಾರ ಕೂಟಕ್ಕೆ ಹೋದಳು. ಅಯ್ಯನವರು ಕೇಳಿದ ಕೂಡಲೆ ಎದ್ದು, ಎಂದಿಗಿಂತ ಗಟ್ಟಿಯಾಗಿ “ಗುಲಾಬಸಾಬ” ಎಂದಳು. ಕಣ್ಣು ಮುಚ್ಚುವ ಮೊದಲು ಒಂದು ಗಳಿಗೆ ಎದುರಿಗಿದ್ದವರ ಮುಖಗಳು ಕಂಡವು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮೊದಲ ಸಲ ಬಂದ ಇಬ್ಬರು ಹೆಂಗಸರು ಕತ್ತು ಚಾಚಿ ಕಾಯುತ್ತಿದ್ದರು. “ಹಾಕದ ಸೀಟಿಯನ್ನು ಹಾಕಿದೆನೆಂದು ನುಡಿದ...” ಎನ್ನುವವರೆಗೆ ಬಂದವಳಿಗೆ ತನ್ನ ದನಿ ತನಗೇ ಕೇಳಿಸಿತು. ಅದು ಬೇಡುವವರ ದನಿಯಾಗಿರಲಿಲ್ಲ. ಕಚೇರಿಯ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುವವರ ದನಿಯಾಗಿತ್ತು. ನಾಲಿಗೆ ಅಲ್ಲಿಯೇ ನಿಂತುಬಿಟ್ಟಿತು. ದುಃಖ ಒತ್ತರಿಸಿ ಬಂದಿರಬೇಕೆಂದು ಅಯ್ಯನವರೇ ಪ್ರಾರ್ಥನೆ ಮುಗಿಸಿದರು.

ಮರುದಿನ ಬೆಳಿಗ್ಗೆ ಮನೆಯಲ್ಲಿ, ಯಾರೂ ಇಲ್ಲದಾಗ, ಅವಳು ಮೊಣಕಾಲೂರಿ ಆ ಹೆಸರು ಹೇಳಲು ನೋಡಿದಳು. ಬರಲಿಲ್ಲ. ಶರಣವ್ವನ ಮೊಮ್ಮಗನ ಹೆಸರು ಬಂತು, ಸಭೆಯಲ್ಲಿ ಕೆಮ್ಮಿನಿಂದ ನರಳುತ್ತಿದ್ದ ತಿಮೋಥಿಯ ಹೆಸರು ಬಂತು, ಇದೊಂದು ಬರಲಿಲ್ಲ. ಕೇಳುವವರಿಲ್ಲದೆ ಹೋದರೆ ಅದಕ್ಕೆ ಜೀವವೇ ಇರಲಿಲ್ಲ. ಮೂರು ದಿನ ಹೀಗೇ ಆಯಿತು. ಮದುವೆಯಾಗಿ ಏಳು ವರುಷಕ್ಕೆ ಹುಟ್ಟಿದ ಸಮುವೇಲನ ಹೆಸರು ಇಪ್ಪತ್ತೊಂದು ವರುಷ ಅವಳ ಬೆಳಗಿನ ಪ್ರಾರ್ಥನೆಯಲ್ಲಿ ಮೊದಲನೆಯದಾಗಿತ್ತು. ಅವನು ಹೋದ ಮೇಲೆ ಆ ಹೆಸರನ್ನು ಅವಳು ಎತ್ತಿರಲಿಲ್ಲ; ಸತ್ತವರು ದೇವರ ಕೈಯಲ್ಲಿರುತ್ತಾರೆ, ಅವರಿಗಾಗಿ ಬೇಡುವುದು ನಮ್ಮ ಕ್ರಮವಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದಳು. ಬರಿದಾದ ಆ ಜಾಗದಲ್ಲಿ ತಾನು ಗುಲಾಬಸಾಬನನ್ನು ತಂದು ನಿಲ್ಲಿಸಿದ್ದು ಪ್ರೀತಿಯಿಂದಲ್ಲ ಎಂಬುದು ಈಗ ಅವಳಿಗೆ ಕಾಣತೊಡಗಿತು. ಶರಣವ್ವನ ಮೊಮ್ಮಗ ಗಂಜಿ ಎಷ್ಟು ಕುಡಿದ ಎಂದು ಕೇಳಿದವಳು, ಈ ಮನುಷ್ಯನ ಬಗ್ಗೆ ಒಂದು ಮಾತನ್ನೂ ಯಾರನ್ನೂ ಕೇಳಿರಲಿಲ್ಲ. ಅವನ ಮುಖ ಸಹ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಹನ್ನವ್ವ ಮನೆಗೆ ಹೋಗಲಿಲ್ಲ. ದಾರಿ ಕೇಳಿಕೊಂಡು ಗಿರಣಿಯ ಹಿಂದಿನ ಓಣಿಗೆ ಹೋದಳು. ಗುಲಾಬಸಾಬನ ಮನೆ ಒಂದೇ ಕೋಣೆಯದು. ಅವನು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ. ನಲವತ್ತರ ಆಳು, ಗಡ್ಡವೆಲ್ಲ ಬೆಳ್ಳಗಾಗಿತ್ತು. ಅವಳನ್ನು ಕಂಡು ಏಳಲು ಹೋದವನು ಕೆಮ್ಮು ಹತ್ತಿ ಮತ್ತೆ ಕುಸಿದ. ಅಮೀನಾಬಿ ಒಲೆಯ ಮುಂದಿನಿಂದ ಎದ್ದು ಬಂದು ಇಬ್ಬರ ನಡುವೆ ನಿಂತಳು.

“ಜಗಳಕ್ಕ ಬಂದಿಲ್ಲವಾ” ಎಂದಳು ಹನ್ನವ್ವ. ಹೊಸ್ತಿಲ ಬಳಿಯೇ ಕೂತಳು. “ತಮ್ಮಾ, ನಾಕ ತಿಂಗಳಿಂದ ನಿನ್ನ ಹೆಸರ ಹೇಳ್ಕೋತ ಬಂದೇನಿ. ನಿನಗ ಏನ್ ಬೇಕಂತ ಒಂದ್ ದಿನಾನೂ ಕೇಳಲಿಲ್ಲ. ಕೇಳಾಕ ಬಂದೇನಿ.”

ಗುಲಾಬಸಾಬ ಚಾಪೆಯ ಅಂಚು ಹಿಡಿದು ನೆಟ್ಟಗೆ ಕೂತ. ಆಮೇಲೆ ಹೇಳಿದ: “ಸೀಟಿ ಹಾಕಿದ್ದಿಲ್ರಿ ಅಕ್ಕಾ.”

“ಗೊತ್ತೈತಿ.”

“ಹಾಕಬಾರದಂತ ಅಲ್ರಿ. ಮೂರ ರಾತ್ರಿ ನಿದ್ದಿ ಇದ್ದಿಲ್ಲ. ಹಾಕೇನಿ ಅಂತನ ತಿಳದಿದ್ದೆ. ಕೈ ತಾನ ಇಂಜಿನ್ ಬಿಟ್ಟಿತ್ತು. ಸಾವಕಾರರು ‘ಹಾಕೇನಿ ಅಂತ ಹೇಳು’ ಅಂದ್ರು. ಹೇಳಿದೆ.” “ನಿಮ್ಮ ಹುಡುಗ ಒಮ್ಮೆಲೇ ಹೋದ ಅಂತ ನಿಮಗ ಹೇಳ್ಯಾರ. ಖರೇ ಅಲ್ರಿ ಅದು. ಪಟ್ಟಾ ಕೊಯ್ದು ಇಳಿಸಿದಂವ ನಾನ. ನನ್ನ ತೊಡಿಮ್ಯಾಲ ಇದ್ದ. ನೀರ ಬೇಡಿದ. ಕುಡಿಸೇನಿ. ‘ಮಿಸ್ತ್ರಿ, ಅವ್ವಗ ಹೇಳಬ್ಯಾಡ್ರಿ, ಗಾಬರಿ ಆಗ್ತಾಳ’ ಅಂದ.”

ಹನ್ನವ್ವ ಎರಡೂ ಕೈಗಳನ್ನು ನೆಲಕ್ಕೆ ಊರಿದಳು.  ಆಮೇಲೆ ಕೇಳಿದಳು: “ಮೂರ ರಾತ್ರಿ ಯಾಕ ಎಚ್ಚರಿದ್ದೆಪಾ?”

ಅವನು ಹೆಂಡತಿಯ ಕಡೆ ನೋಡಿದ. ಹೇಳಿದವಳು ಅಮೀನಾಬಿ.

“ನಜ್ಮಾ ಅಂತ ಮಗಳಿದ್ಲು ನಮಗ. ಆರು ವರ್ಷದಾಕಿ. ಗಂಟಲ ಬ್ಯಾನಿ ಆಗಿತ್ತು, ಉಸಿರ ಹಿಡೀತಿತ್ತು. ಕೂಡಿಸ್ಕೊಂಡ ಕೂಡಬೇಕಾಗಿತ್ತು, ಮಲಗಿಸಿದ್ರ ಉಸಿರ ನಿಲ್ತಿತ್ತು. ನಿಮ್ಮ ಹುಡುಗ ಹೋದ ಐದನೇ ದಿನಕ್ಕ ಆಕಿನೂ ಹೋದ್ಲು.”

ಇಡೀ ಪೇಟೆ ನಾಲ್ಕು ತಿಂಗಳು ಹನ್ನವ್ವನ ದುಃಖದ ಮಾತಾಡಿತ್ತು. ಆ ಮಗುವಿನ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಮೊದಲ ಸಲ ಚರ್ಚಿನಲ್ಲಿ ಎದ್ದು ನಿಂತು ಇವನ ಕಠಿಣ ಹೃದಯದ ಮಾತೆತ್ತಿದಾಗ, ಮಗಳನ್ನು ಮಣ್ಣಿಗಿಟ್ಟು ಇವನಿಗೆ ಎರಡು ವಾರವೂ ತುಂಬಿರಲಿಲ್ಲ.

“ನನ್ನ ಸಲುವಾಗಿ ಏನೂ ಬ್ಯಾಡ್ರಿ” ಎಂದ ಗುಲಾಬಸಾಬ. “ಕೇಳೀರಿ ಅಂತ ಹೇಳ್ತೇನಿ. ನಜ್ಮಾ ಒಬ್ಬಾಕಿನ ಮಲಗಾಕ ಅಂಜತಿದ್ಲು. ಕತ್ತಲಂದ್ರ ಆಗತಿದ್ದಿಲ್ಲ. ಅಲ್ಲಿ ಕಬರಸ್ತಾನದಾಗ ಒಬ್ಬಾಕಿನ ಅದಾಳ. ಆಕಿ ಅಂಜದಂಗ ಬೇಡ್ರಿ. ನಾನೂ ದುವಾ ಮಾಡ್ತೇನಿ, ಖರೇ, ಆದರ ನನ್ನ ಬಾಯಿ ಸುಳ್ಳ ಹೇಳಿದ ಬಾಯಿ. ನಿಮ್ದು ಮುಟ್ಟಬಹುದು.”

ಸತ್ತವರಿಗಾಗಿ ನಮ್ಮಲ್ಲಿ ಬೇಡುವುದಿಲ್ಲಪ್ಪಾ ಎಂದು ಹೇಳಲು ಹನ್ನವ್ವ ಬಾಯಿ ತೆರೆದಳು. ಅವನ ಮುಖ ನೋಡಿದಳು. ಹೇಳಲಾಗಲಿಲ್ಲ. ಅಲ್ಲಿಯೇ ಹೊಸ್ತಿಲ ಬಳಿ ಮೊಣಕಾಲೂರಿದಳು. ಪುಸ್ತಕದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಮನೆಯಲ್ಲಿ ಆಡುವ ಮಾತೇ ಬಂತು.

“ಯಪ್ಪಾ, ಈ ಕೂಸು ಸಣ್ಣದೈತಿ. ಕತ್ತಲಿಗೆ ಅಂಜತೈತಿ. ಅದರ ಮಗ್ಗಲ್ದಾಗ ಇರು. ನಮ್ಮ ಸಮ್ಯಾ ಅಲ್ಲೇ ಎಲ್ಲ್ಯಾರ ಇದ್ರ, ಆಕಿ ಕೈ ಹಿಡ್ಕೋ ಅಂತ ಅವಗ ಹೇಳು. ಅವಗ ಸಣ್ಣ ಹುಡುಗರಂದ್ರ ಭಾಳ ಜೀವ. ಈ ತಂದಿ ತಾಯಿಗೆ ನಿದ್ದಿ ಕೊಡು. ಎರಡ ತುತ್ತು ಅನ್ನ ಒಳಗ ಹೋಗೂವಂಗ ಮಾಡು. ಊರ ಮುಂದ ಇವನ ಹೆಸರ ಹೇಳಿ ನಾ ಇವನ್ನ ಸುಟ್ಟೇನಿ. ಅದನ್ನ ನನಗ ಮಾಫಿ ಮಾಡು.”

ಮಗನ ಹೆಸರು ಬಾಯಿಂದ ಹೊರಬಿದ್ದಾಗ, ಮಣ್ಣು ಕೊಟ್ಟ ದಿನ ಬಾರದ ಅಳು ಅವಳಿಗೆ ಬಂತು. ಅಮೀನಾಬಿ ಬಂದು ಪಕ್ಕದಲ್ಲಿ ಕೂತಳು. ಮುಟ್ಟಲಿಲ್ಲ.

ಮುಂದಿನ ಬುಧವಾರ ಅಯ್ಯನವರು ಅವಳ ಕಡೆ ತಿರುಗಿ ಕಾದರು. “ಈ ಹೊತ್ತು ನನ್ನ ಕಡೆ ಹೆಸರಿಲ್ರಿ” ಎಂದಳು ಹನ್ನವ್ವ. ಅದರ ಮುಂದಿನ ವಾರವೂ ಹಾಗೇ. ಹೊರಗಿನಿಂದ ಬರುತ್ತಿದ್ದವರು ಬರುವುದು ಬಿಟ್ಟರು. ಪಾಪ, ಎಷ್ಟು ದಿನವೆಂದು ಆ ಪ್ರೀತಿ ಇದ್ದೀತು, ತಾಯಿಕರುಳಲ್ಲವೇ ಎಂದು ಸಭೆಯ ಹೆಂಗಸರು ಮರುಕಪಟ್ಟರು. ಅವಳು ಯಾರಿಗೂ ಏನೂ ಹೇಳಲಿಲ್ಲ. ಬೆಳಿಗ್ಗೆ ಮಾತ್ರ, ಒಲೆ ಹೊತ್ತಿಸುವ ಮುಂಚೆ, ಗುಲಾಬಸಾಬನ ಕೆಮ್ಮು, ಅವನ ನಿದ್ದೆ, ಅಮೀನಾಬಿಯ ಕಣ್ಣುರಿ ಎಲ್ಲವನ್ನೂ ಬಿಡಿಬಿಡಿಯಾಗಿ ದೇವರ ಮುಂದೆ ಇಡುತ್ತಿದ್ದಳು. ಒಮ್ಮೊಮ್ಮೆ ಗುಲಾಬಸಾಬನ ಹೆಸರು ಈಗಲೂ ಬಾಯಿಗೆ ಬರುತ್ತಿರಲಿಲ್ಲ. ಆಗ ತಡೆದು, ನೀರು ಕುಡಿದು, ಮತ್ತೆ ಹೇಳುತ್ತಿದ್ದಳು.

ಒಂದು ತಿಂಗಳ ಮೇಲೆ ಗುಲಾಬಸಾಬ ತಾನೇ ಫೌಜದಾರರ ಕಚೇರಿಗೆ ಹೋಗಿ, ಸೀಟಿ ಹಾಕಿರಲಿಲ್ಲವೆಂದು ಬರೆಸಿಕೊಟ್ಟ. ಕುಬೇರಪ್ಪ ಆ ದಿನವೇ ಅವನನ್ನು ಕೆಲಸದಿಂದ ತೆಗೆದ. ಸಾಹುಕಾರ ಹೇಳಿಕೊಟ್ಟ ಮಾತಿಗೆ ಸಾಕ್ಷಿಯಿರಲಿಲ್ಲ, ಅವನಿಗೆ ಏನೂ ಆಗಲಿಲ್ಲ. ಮಿಸ್ತ್ರಿಗೆ ಆರು ತಿಂಗಳ ಸಜೆಯಾಯಿತು. ನನ್ನ ತಕರಾರಿಲ್ಲ, ಬಿಟ್ಟುಬಿಡಿ ಎಂದು ಹೇಳಲು ಹನ್ನವ್ವ ಕೋರ್ಟಿಗೆ ಹೋದಳು. ತಕರಾರು ನಿನ್ನದಲ್ಲ, ಸರಕಾರದ್ದು ಎಂದು ಹೇಳಿ ಅವಳನ್ನು ಹೊರಗೆ ಕಳಿಸಿದರು. ಬೇಡಿ ಹಾಕಿ ಕರೆದೊಯ್ಯುವಾಗ ಅವನು ಅವಳ ಕಡೆ ನೋಡಿ ತಲೆ ಬಾಗಿಸಿದ. ಅವಳಿಗೆ ಸಮಾಧಾನವೇನೂ ಆಗಲಿಲ್ಲ. ತಾನು ಆ ಮನೆಗೆ ಹೋಗದಿದ್ದರೆ ಇವನು ಹೊರಗೇ ಇರುತ್ತಿದ್ದನಲ್ಲ ಎಂಬುದು ಅವಳನ್ನು ಬಹಳ ದಿನ ಕೊರೆಯಿತು.

ಅಮೀನಾಬಿಗೆ ಅವಳು ಹೊಲಿಗೆ ಕಲಿಸಿದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದರು. ಮಕ್ಕಳ ಮಾತು ಒಮ್ಮೊಮ್ಮೆ ಬರುತ್ತಿತ್ತು. ನಜ್ಮಾ ಬೆಲ್ಲ ಕದ್ದು ತಿನ್ನುತ್ತಿದ್ದದ್ದು, ಸಮುವೇಲ ಎಣ್ಣೆಯ ಕೈಯನ್ನು ಅವ್ವನ ಸೆರಗಿಗೇ ಒರೆಸುತ್ತಿದ್ದದ್ದು. ಗುಲಾಬಸಾಬ ಸಜೆ ಮುಗಿಸಿ ಬಂದಾಗ ಅವನ ಕೆಮ್ಮಿನಲ್ಲಿ ರಕ್ತ ಬೀಳುತ್ತಿತ್ತು. ಎರಡು ತಿಂಗಳು ಹಾಸಿಗೆಯಲ್ಲಿದ್ದು, ಒಂದು ಶುಕ್ರವಾರ ಮಧ್ಯಾಹ್ನ ತೀರಿಕೊಂಡ. ಅವನನ್ನು ಮಗಳ ಪಕ್ಕದಲ್ಲಿಯೇ ಇಟ್ಟರು. ಹನ್ನವ್ವ ದಿನಾ ಬೇಡಿದ್ದಳು, ಗುಣವಾಗಲಿಲ್ಲ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ತಿಳಿದವಳಂತೆ ಅಮೀನಾಬಿಗೆ ಏನನ್ನೂ ಹೇಳಲೂ ಇಲ್ಲ.

ಗಂಡ ಸತ್ತವಳು ಮನೆಯಲ್ಲೇ ಇರಬೇಕಾದ ದಿನಗಳು ಮುಗಿದ ಮೇಲೆ ಅಮೀನಾಬಿಯ ಅಣ್ಣ ಖಾದರಬಾಷಾ ಬಂದು ತಂಗಿಯನ್ನು ಉಣಕಲ್ಲಿಗೆ ಕರೆದುಕೊಂಡು ಹೋದ. ಹನ್ನವ್ವ ಪ್ರತಿ ಸೋಮವಾರ ಕತ್ತರಿಸಿದ ಖಣಗಳನ್ನು ಗಂಟು ಕಟ್ಟಿಕೊಂಡು ಧಾರವಾಡದ ದಾರಿ ಹಿಡಿದು ಉಣಕಲ್ಲಿಗೆ ನಡೆದು ಹೋಗಿ, ಹೊಲಿದವನ್ನು ತರುತ್ತಿದ್ದಳು. ಮಳೆಗಾಲದ ಒಂದು ಸೋಮವಾರ ಅವಳು ಹೋಗಲಿಲ್ಲ. ಜ್ವರ ಬಂದು ಮಲಗಿ ನಾಲ್ಕು ದಿನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಮೀನಾಬಿಯೇ ತೊಯ್ದ ಚಾದರದಲ್ಲಿ ಬಂದಳು. ಗಂಜಿ ಕಾಯಿಸಿ ಕುಡಿಸಿದಳು. ಹಣೆಗೆ ಒದ್ದೆ ಬಟ್ಟೆ ಹಾಕಿದಳು.

“ಅಯ್ಯನವರನ್ನ ಕರೀಲೇನ್ರಿ, ಬೇಡಾಕ?”

“ಮಳಿ ಭಾಳ ಐತಿ. ಬ್ಯಾಡ.”

ಅಮೀನಾಬಿ ಹಣೆಯ ಬಟ್ಟೆಯನ್ನು ಮತ್ತೆ ತೊಯ್ಸಿ ಹಾಕಿದಳು. ಆಮೇಲೆ ಕೈಕಾಲು ಮುಖ ತೊಳೆದು ಬಂದು, ಹಾಸಿಗೆಯ ಪಕ್ಕದಲ್ಲಿ ಮೊಣಕಾಲು ಮಡಚಿ ಕೂತು, ಎರಡೂ ಅಂಗೈಗಳನ್ನು ಎದೆಯ ಮುಂದೆ ಬಿಚ್ಚಿ ಹಿಡಿದಳು. ತುಟಿಗಳು ಅಲುಗತೊಡಗಿದವು. ಹನ್ನವ್ವನಿಗೆ ಆ ಉರ್ದು ಮಾತುಗಳು ಅರ್ಥವಾಗಲಿಲ್ಲ. ನಡುವೆ ಸಮುವೇಲನ ಹೆಸರು ಬಂತು, ಆಮೇಲೆ ತನ್ನ ಹೆಸರು ಬಂತು, ಅಷ್ಟು ಮಾತ್ರ ತಿಳಿಯಿತು. ಬೇರೆಯವರ ಹೆಸರುಗಳನ್ನು ಹೇಳುತ್ತ ಇಷ್ಟು ವರುಷ ಕಳೆದವಳಿಗೆ, ಈ ಮನೆಯೊಳಗೆ ತನ್ನ ಹೆಸರನ್ನು ಹೀಗೆ ಯಾರಾದರೂ ಹೇಳಿದ್ದು ನೆನಪಿರಲಿಲ್ಲ. ಹೊರಗೆ ಮಳೆ ಜೋರಾಗಿ ಬೀಳುತ್ತಿತ್ತು. ಅವಳು ಕಣ್ಣು ಮುಚ್ಚಿ, ಇನ್ನೊಬ್ಬ ತಾಯಿಯ ದನಿ ನಿಲ್ಲುವವರೆಗೂ ಕೇಳುತ್ತ ಮಲಗಿದ್ದಳು.